ಹಸನು ಮಾಡಿದ ಬೀಜ

ಮೃಗಶಿರಾ ಮಳೆಗೆ ಇನ್ನು ನಾಲ್ಕೈದು ದಿನವಿರುವಾಗ ಅಡುಗೆಮನೆಯ ಮೂಲೆಯಿಂದ ನನ್ನ ಹೆಂಡತಿಯ ಬೀಜದ ಗಡಿಗೆಯನ್ನು ಅಂಗಳಕ್ಕೆ ತಂದೆ. ಬಾಯಿಗೆ ಕಟ್ಟಿದ್ದ ಬಟ್ಟೆಯ ಗಂಟು ಅವಳೇ ಹಾಕಿದ್ದು. ಅವಳು ತೀರಿಕೊಂಡು ಮೂರು ತಿಂಗಳಾಗಿತ್ತು. ಗಂಟು ಬಿಚ್ಚಲು ಸ್ವಲ್ಪ ಹೊತ್ತು ಹಿಡಿಯಿತು.

ಒಳಗೆ ಬೂದಿ, ಒಣಗಿದ ಬೇವಿನೆಲೆ, ಅವುಗಳ ನಡುವೆ ಬೀಜ. ತಾಡಪತ್ರಿಯ ಮೇಲೆ ಸುರಿದು ನೋಡಿದೆ. ಸಜ್ಜೆ, ನವಣೆ, ಹೆಸರು, ಮಡಿಕೆ, ಎಳ್ಳು, ಗುರೆಳ್ಳು ಗುರುತು ಸಿಕ್ಕವು. ಜೊತೆಗೆ ಸಾಸಿವೆಗಿಂತ ಸಣ್ಣ ಕಪ್ಪು ಕಾಳು, ಹುಲ್ಲಿನ ತೆನೆ, ಹೊಟ್ಟು, ಬಟ್ಟೆಗೆ ಅಂಟುವ ಮುಳ್ಳಿನ ಕಾಯಿ, ಕಡ್ಡಿ. ಅರ್ಧಕ್ಕರ್ಧ ಕಸ. ಕೊನೆಯ ವರ್ಷ ಅವಳಿಗೆ ಮೈ ಸರಿಯಿರಲಿಲ್ಲ, ಹಸನು ಮಾಡಲು ಆಗಿರಲಿಕ್ಕಿಲ್ಲ ಎಂದುಕೊಂಡೆ.

ಬೀಜವನ್ನು ಹಸನು ಮಾಡದೆ ನಮ್ಮ ಕಡೆ ಯಾರೂ ಹೊಲಕ್ಕೆ ಒಯ್ಯುವುದಿಲ್ಲ. ಅದರಲ್ಲೂ ನಾನು ಮೂವತ್ತೊಂದು ವರ್ಷ ಅಥಣಿಯಲ್ಲಿ ಬಸ್ಸುಗಳ ಮೆಕ್ಯಾನಿಕ್ ಆಗಿದ್ದವನು. ಡೀಸೆಲ್ಲಿನಲ್ಲಿ ಧೂಳು ಉಳಿದರೆ ಏನಾಗುತ್ತದೆ ಎಂಬುದು ಕೈಗೇ ಗೊತ್ತಿತ್ತು. ಅವಳ ಮೊರ ಹಿಡಿದು ಎರಡು ದಿನ ಕೇರಿದೆ. ಜರಡಿ ಹಿಡಿದೆ. ಕನ್ನಡಕ ಹಾಕಿಕೊಂಡು ಕೈಯಿಂದ ಆರಿಸಿದೆ. ಕಸವನ್ನು ಪಕ್ಕದ ಮನೆಯ ಕೋಳಿಗಳಿಗೆ ಚೆಲ್ಲಿದೆ. ಅವಳು ಹೋದ ಮೇಲೆ ನನ್ನ ಮನಸ್ಸು ಒಂದು ಕಡೆ ನಿಂತದ್ದು ಆ ಎರಡು ದಿನ ಮಾತ್ರ.

ಈ ಬೀಜ ಮನುಷ್ಯರು ತಿನ್ನುವ ಬೆಳೆಗಲ್ಲ, ಹಕ್ಕಿಗಳಿಗೆ. ನಮ್ಮೂರು ತೆಲಸಂಗದಿಂದ ಮೂರು ಮೈಲಿ ಆಚೆ ಹನ್ನೆರಡು ಎಕರೆ ಮರಡಿ ಜಮೀನಿದೆ, ಕೆಂಪು ಗರಸು ಮಣ್ಣು, ಅಲ್ಲಲ್ಲಿ ಜಾಲಿ. ಅದು ನಿಪ್ಪಾಣಿಯ ಒಬ್ಬ ಡಾಕ್ಟರದು. ಅವರ ಅಜ್ಜನ ಕಾಲದಲ್ಲಿ ಬಂದೂಕಿನ ಲೈಸೆನ್ಸ್ ಇತ್ತು. ಚಳಿಗಾಲದಲ್ಲಿ ಗೆಳೆಯರನ್ನು ಕರೆದುಕೊಂಡು ಬಂದು ಗೌಜಲಹಕ್ಕಿ, ಲಾವಕ್ಕಿ ಹೊಡೆಯುತ್ತಿದ್ದರಂತೆ. ಹಕ್ಕಿಗೆ ಮರೆ ಇರಲಿ, ಮೇವು ಇರಲಿ ಎಂದು ಹುಲ್ಲಿನ ನಡುವೆ ಪಟ್ಟಿ ಪಟ್ಟಿಯಾಗಿ ಬಿತ್ತಿ, ಕೊಯ್ಯದೆ ಬಿಡುತ್ತಿದ್ದರು. ಬೇಟೆ ಕಾನೂನಿನಿಂದ ನಿಂತಿತು. ಬಿತ್ತುವುದು ನಿಲ್ಲಲಿಲ್ಲ. ಮೊಮ್ಮಗ ಡಾಕ್ಟರು ಬಂದೂಕಿನ ಬದಲು ದುರ್ಬೀನು ಹಿಡಿದು ಬರತೊಡಗಿದರು. ಹದಿನೆಂಟು ವರ್ಷ ಆ ಪಟ್ಟಿಗಳನ್ನು ಬಿತ್ತಿದವಳು ನನ್ನ ಹೆಂಡತಿ. ನಾನು ಬೆಳಗಿನ ಮೊದಲ ಬಸ್ಸಿಗೆ ಅಥಣಿಗೆ ಹೋಗಿ ದೀಪ ಹಚ್ಚುವ ಹೊತ್ತಿಗೆ ಬರುತ್ತಿದ್ದೆ. ಅವಳು ಅಲ್ಲಿ ಏನು ಮಾಡುತ್ತಾಳೆ ಎಂದು ಕೇಳಿದವನಲ್ಲ. ಕೂಲಿಗೆ ಹೋಗುತ್ತಾಳೆ ಎಂದಷ್ಟೇ ತಿಳಿದಿದ್ದೆ.

ದುಃಖ ಕೇಳಲು ಬಂದ ದಿನ ಡಾಕ್ಟರು ಹೊರಗಿನ ಕಟ್ಟೆಯ ಮೇಲೆ ಕೂತರು. ಆಮೇಲೆ ಕೇಳಿದರು: "ಮೇಸ್ತ್ರಿ, ಈ ವರ್ಷ ಬಿತ್ತೋರು ಯಾರು?"

"ನಾನ ಬಿತ್ತತೀನ್ರಿ ಸಾಹೇಬ್ರ" ಎಂದೆ. ಯೋಚಿಸಿ ಹೇಳಿದ್ದಲ್ಲ.

"ನಿನಗ ಬರ್ತೈತೇನು?"

"ನೋಡ್ತೀನ್ರಿ."

ಅವರು ಮುಚ್ಚುಮರೆ ಮಾಡಲಿಲ್ಲ. ತಮಗೂ ವಯಸ್ಸಾಯಿತು, ಪಕ್ಕದ ಹೊಲದ ರೈತ ಆ ಜಮೀನನ್ನು ದ್ರಾಕ್ಷಿ ಹಚ್ಚಲು ಲಾವಣಿಗೆ, ಅಂದರೆ ಗುತ್ತಿಗೆಗೆ, ಕೇಳಿದ್ದಾನೆ, ಮನೆಯಲ್ಲೂ ಕೊಟ್ಟುಬಿಡಿ ಎನ್ನುತ್ತಿದ್ದಾರೆ ಎಂದರು. "ಹಕ್ಕಿ ಇದ್ರ ನನಗ ಅದನ್ನ ಇಟ್ಕೊಳ್ಳಾಕ ಒಂದ ಕಾರಣ ಐತಿ. ಇಲ್ಲಂದ್ರ ಏನ್ ಹೇಳ್ಲಿ ಅವ್ರಿಗೆ? ಸಂಕ್ರಾಂತಿಗೆ ಬಂದು ಕೂಗು ಕೇಳ್ತೀನಿ. ನಿನ್ನ ಹೆಂಡತಿ ಇದ್ದಾಗ ಗೌಜಲಹಕ್ಕಿ ಹತ್ತು ಹನ್ನೊಂದು ಜೋಡಿ ಇರ್ತಿದ್ವು. ಆರು ಜೋಡಿ ಕೂಗಿದ್ರೂ ಸಾಕು."

ಹೀಗಾಗಿ ನನಗೆ ಒಂದು ಹಂಗಾಮು ಸಿಕ್ಕಿತು. ಆ ನೆಲ ದ್ರಾಕ್ಷಿಯ ಕಂಬಗಳ ಅಡಿ ಹೋದರೆ ಅವಳು ಮಾಡಿದ ಕೆಲಸದ ಗುರುತು ಎಲ್ಲಿಯೂ ಉಳಿಯುವುದಿಲ್ಲ ಎಂಬುದು ಮಾತ್ರ ನನಗೆ ಸ್ಪಷ್ಟವಾಗಿತ್ತು. ಉಳಿದ ಯಾವುದೂ ಸ್ಪಷ್ಟವಾಗಿರಲಿಲ್ಲ.

ಪಟ್ಟಿಗಳು ಐದು. ಎರಡೂ ತುದಿಗೆ ಅವಳು ಸುಣ್ಣ ಹಚ್ಚಿದ ಕಲ್ಲು ನೆಟ್ಟಿದ್ದಳು, ಅದರಿಂದ ಜಾಗ ಹುಡುಕುವುದು ಕಷ್ಟವಾಗಲಿಲ್ಲ. ಪ್ರತಿ ಪಟ್ಟಿ ಹತ್ತು ಹೆಜ್ಜೆ ಅಗಲ, ನಡುವೆ ಹುಲ್ಲು. ಮೊದಲ ಮಳೆಗೆ ಟ್ರ್ಯಾಕ್ಟರಿನಿಂದ ಹರಗಿಸಿ, ಪಕ್ಕದ ಹೊಲದ ರೈತನಿಂದಲೇ ಎತ್ತು ಕೂರಿಗೆ ತಂದು ಬಿತ್ತಿದೆ. ಜಮೀನು ಕೇಳಿದ್ದವನೇ ಅವನು, ಆದರೂ ಎತ್ತು ಕೊಡಲು ಇಲ್ಲವೆನ್ನಲಿಲ್ಲ. ನಮ್ಮಲ್ಲಿ ಅದು ಬೇರೆ, ಇದು ಬೇರೆ.

ಬೀಜ ಹೆಚ್ಚು ಹುಸಿ ಹೋಗಲಿಲ್ಲ. ಹದಿನೈದನೆಯ ದಿನ ಅವನು ಬದುವಿನ ಮೇಲೆ ನಿಂತು ನೋಡಿದ.

"ಏನ್ ಸಾಲ್ರೀ ಮೇಸ್ತ್ರಿ! ದಾರ ಹಿಡದು ಎಳದಂಗ ಅದಾವಲ್ಲ. ನಿಮ್ಮನ್ನ ನಾವು ಸುಮ್ಮನ ಬಸ್ಸಿನ ಕೆಳಗ ಮಲಗಿಸಿದ್ವಿ ನೋಡ್ರಿ ಇಷ್ಟು ವರ್ಷ."

ನನಗೆ ಹಿಗ್ಗಾಯಿತು. ಎರಡು ಸಲ ಸಾಲುಗಳ ನಡುವೆ ಎಡೆಕುಂಟೆ ಹೊಡೆಸಿದೆ. ಎರಡು ಸಲ ಕುರಪಿ ಹಿಡಿದು ಕೂತು ಕಳೆ ತೆಗೆದೆ. ಸಾಲಿನಲ್ಲಿ ಖಾಲಿ ಕಂಡಲ್ಲೆಲ್ಲ ಮತ್ತೆ ಕಾಳು ಊರಿದೆ. ಶ್ರಾವಣದ ಹೊತ್ತಿಗೆ ಸಜ್ಜೆ ನನ್ನ ತಲೆಗಿಂತ ಮೇಲಿತ್ತು, ತೆನೆ ಒಂದೊಂದೂ ಗೇಣುದ್ದ. ದಾರಿಯಲ್ಲಿ ಹೋಗುವವರು ಗಾಡಿ ನಿಲ್ಲಿಸಿ ನೋಡುತ್ತಿದ್ದರು.

ಹಕ್ಕಿ ಇರಲಿಲ್ಲ. ಗುಬ್ಬಿ, ಗಿಳಿ ತೆನೆಯ ಮೇಲೆ ಬಂದು ಕೂತು ತಿಂದು ಹೋಗುತ್ತಿದ್ದವು. ನೆಲದ ಹಕ್ಕಿ ಒಂದೂ ಇರಲಿಲ್ಲ. ಗೌಜಲಹಕ್ಕಿ ಇದ್ದರೆ ಬೆಳಗಿನ ಜಾವ ಕೂಗದೆ ಇರುವುದಿಲ್ಲ. ಗಂಡು ಒಂದು ಕಡೆ ಶುರು ಮಾಡಿದರೆ ಹೆಣ್ಣು ನಡುವೆ ಸೇರಿಸಿ ಕೂಗುತ್ತದೆ, ಮೈಲಿ ದೂರ ಕೇಳುತ್ತದೆ. ನಾನು ಹತ್ತು ದಿನ ಸತತ ಬೆಳಕು ಹರಿಯುವ ಮುಂಚೆ ಹೋಗಿ ಕೂತೆ. ದೂರದ ಹಳ್ಳದ ಕಡೆಯಿಂದ ಒಂದು ಸಲ ಕೇಳಿದಂತಾಯಿತು. ನಮ್ಮ ಪಟ್ಟಿಗಳಿಂದ ಏನೂ ಇಲ್ಲ.

ಆಗ ಶುರುವಾದ ಗೊಂದಲ ನನ್ನನ್ನು ಪೂರ್ತಿ ಬಿಟ್ಟಿದ್ದು ಇನ್ನೂ ಇಲ್ಲ. ಬಸ್ಸು ಕೆಟ್ಟರೆ ಎಲ್ಲಿಂದ ನೋಡಬೇಕು ಎಂಬುದಕ್ಕೆ ಒಂದು ಕ್ರಮವಿದೆ. ಇಂಧನ ಬರುತ್ತಿದೆಯೇ, ಗಾಳಿ ಹೋಗುತ್ತಿದೆಯೇ, ಎಲ್ಲಿ ಸೋರುತ್ತಿದೆ. ಇಲ್ಲಿ ನಾನು ಎಲ್ಲವನ್ನೂ ಸರಿಯಾಗಿ ಮಾಡಿದ್ದೆ, ಮತ್ತು ಎಲ್ಲವೂ ಸರಿಯಾಗಿ ಬಂದಿತ್ತು. ನಾಯಿ ಬರುತ್ತಿವೆಯೇನೋ ಎಂದು ಹೆಜ್ಜೆ ಹುಡುಕಿದೆ. ಪಕ್ಕದ ಹೊಲದ ಔಷಧಿ ಇರಬಹುದೇ ಎಂದು ಅವನು ಸಿಂಪಡಿಸುವ ದಿನ ಗಾಳಿ ಯಾವ ಕಡೆ ಬೀಸುತ್ತದೆ ನೋಡಿದೆ. ಅದು ಆಚೆ ಬೀಸುತ್ತಿತ್ತು. ಹರಗಿಸಿದ ಟ್ರ್ಯಾಕ್ಟರಿನ ಸದ್ದು ಕಾರಣವೇ ಎಂದರೆ ಅವಳ ಕಾಲದಲ್ಲೂ ಅದೇ ಟ್ರ್ಯಾಕ್ಟರ್ ಬರುತ್ತಿತ್ತಂತೆ.

ಕೊನೆಗೆ ತಿಳಿಯದೆ, ಬಸ್ಸಿನ ಕೆಳಗೆ ಹೋಗುವಂತೆ ಸಜ್ಜೆಯ ಒಳಗೆ ಹೊಟ್ಟೆಯ ಮೇಲೆ ಮಲಗಿ ನೋಡಿದೆ. ಕೆನ್ನೆ ನೆಲಕ್ಕೆ ಹಚ್ಚಿದರೆ ಹಕ್ಕಿಯ ಕಣ್ಣಿನ ಎತ್ತರ. ಒಳಗೆ ಕತ್ತಲು. ಮಳೆ ನಿಂತು ಮೂರು ದಿನವಾಗಿದ್ದರೂ ನೆಲ ತೇವ. ದಂಟುಗಳು ಎಷ್ಟು ಒತ್ತಾಗಿದ್ದವೆಂದರೆ ನನ್ನ ಕೈ ಆಚೆ ಹೋಗಲಿಲ್ಲ. ನೆಲದ ಮೇಲೆ ಒಂದು ಹುಳವಿಲ್ಲ, ಉದುರಿದ ಕಾಳಿಲ್ಲ. ಮೇಲೆ ಅಷ್ಟೆಲ್ಲ ತೆನೆ ಇದ್ದು ಕೆಳಗೆ ಏನೂ ಇರಲಿಲ್ಲ. ನೋಡಿದೆ ನಿಜ, ಆದರೆ ನೋಡಿದ್ದರ ಅರ್ಥವಾಗಲಿಲ್ಲ. ಅಲ್ಲೇ ಸ್ವಲ್ಪ ಹೊತ್ತು ಮಲಗಿದ್ದೆ. ಎದ್ದು ಬರುವ ಮನಸ್ಸಾಗಲಿಲ್ಲ.

ಮರುದಿನ ಅವಳ ಜೊತೆ ಕಳೆ ತೆಗೆಯಲು ಹೋಗುತ್ತಿದ್ದ ಹೆಂಗಸರನ್ನು ಹುಡುಕಿಕೊಂಡು ಹೋದೆ. ಎಂಟು ಜನರ ಗುಂಪು ಅದು. ಊರವರ ಹೊಲಗಳಿಗೆ ಸರದಿಯಂತೆ ಹೋಗುತ್ತಾರೆ. ಅವತ್ತು ಒಬ್ಬರ ತೊಗರಿ ಹೊಲದಲ್ಲಿದ್ದರು. ನನ್ನ ಹೆಂಡತಿಯನ್ನು ಅಕ್ಕ, ತಂಗಿ ಎನ್ನುತ್ತಿದ್ದವರು, ಹಾಗಾಗಿ ನಾನು ಅವರಿಗೆಲ್ಲ ದಾಜಿ, ಅಕ್ಕತಂಗಿಯ ಗಂಡ. ಹಾಗೆ ಕರೆಯುವವರಿಗೆ ಚೇಷ್ಟೆಯ ಹಕ್ಕೂ ಇರುತ್ತದೆ. ಬದುವಿನ ಮೇಲೆ ನಾನು ಕಾಣುತ್ತಲೇ ಗುಂಪಿನ ಹಿರಿಯಾಕೆ ಕೂಗಿದಳು:

"ಬಂದ್ರು ನೋಡ್ರೇ ದಾಜಿ! ಯಾಕ್ರಿ, ಕೂಲಿ ಹೆಣ್ಣಾಳು ಬೇಕಾಗಿದ್ರ ನಮ್ಮನ್ನ ಕರೀಬೇಕಿತ್ತು. ನೀವ ಕುರಪಿ ಹಿಡದು ಕುಂತಿದ್ರಂತ, ಊರೆಲ್ಲಾ ಹೇಳಾಕತ್ತೈತಿ."

"ಸಜ್ಜಿ ಭಾಳ ಚಲೋ ಬಂದೈತಂತ" ಎಂದಳು ಕಿರಿಯವಳು. ಹೊಸದಾಗಿ ಮದುವೆಯಾಗಿ ಬಂದು ಆ ಗುಂಪು ಸೇರಿದಾಗ ನನ್ನ ಹೆಂಡತಿಯೇ ಕೆಲಸ ಕಲಿಸಿದ್ದಳಂತೆ. "ರೊಟ್ಟಿ ಬಡಿಯಾಕ ಒಂದ ಚೀಲ ಕೊಡ್ರಿ ನಮಗ."

"ಸಜ್ಜಿ ಬಂದೈತಿ. ಹಕ್ಕಿ ಬಂದಿಲ್ಲ" ಎಂದೆ.

ನಗು ಕಡಿಮೆಯಾಯಿತು. ಏನೇನು ಮಾಡಿದಿರಿ ಎಂದು ಹಿರಿಯಾಕೆ ಒಂದೊಂದಾಗಿ ಕೇಳಿದಳು. ನಾನು ಮೊದಲಿನಿಂದ ಹೇಳಿದೆ. ಗಡಿಗೆ ತೆಗೆದದ್ದು ಹೇಳಿದೆ. ಹಸನು ಮಾಡಿದ್ದು ಹೇಳುತ್ತಿದ್ದಂತೆ ಅವಳ ಕೈಯಲ್ಲಿನ ಕುರಪಿ ನಿಂತಿತು.

"ಹಸನ ಮಾಡಿದ್ರ್ಯಾ?"

"ಎರಡ ದಿನ ಕುಂತು ಮಾಡಿದೆ."

"ಆ ಕಸಾ?"

"ಕೋಳಿಗೆ ಹಾಕಿದೆ."

"ಯವ್ವಾ!" ಎಂದಳು ಕಿರಿಯವಳು. ಹಿರಿಯಾಕೆ ಅವಳನ್ನು ಕಣ್ಣಿನಲ್ಲೇ ಸುಮ್ಮನಾಗಿಸಿ, ನನ್ನ ಕಡೆ ನೋಡದೆ ಹೇಳಿದಳು: "ದಾಜಿ, ಆಕಿ ಆ ಕಸಾನ ಕೂಡಸ್ತಿದ್ಲು. ಕಿರಕಸಾಲಿ, ಹಕ್ಕರಕಿ, ಹುಲ್ಲಿನ ಬೀಜ. ಕಳೆ ತೆಗ್ಯಾಕ ಹೋದಲ್ಲೆಲ್ಲಾ ಬಲತ ತೆನಿ ಕಂಡ್ರ ಉಡ್ಯಾಗ ಹಾಕ್ಕೊಂತಿದ್ಲು. ಮನಿಗಿ ಹೋಗಿ ಸೆರಗ ಗಡಗ್ಯಾಗ ಝಾಡಸ್ತಿದ್ಲು. ನಾವು ನಗತಿದ್ವಿ ಆಕಿಗೆ. ಮಂದಿ ಬಂಗಾರ ಕೂಡಸ್ತಾರ, ನೀ ಕಸಾ ಕೂಡಸ್ತಿ ಅಂತ."

ಸಂಜೆ ಅವಳ ಸೀರೆಯಲ್ಲಿ ಹುಲ್ಲಿನ ತೆನೆ, ಮುಳ್ಳುಕಾಯಿ ಅಂಟಿರುತ್ತಿದ್ದುದು ನೆನಪಾಯಿತು. ಅದನ್ನೆಲ್ಲ ಹೊರಗೇ ಝಾಡಿಸಿ ಬಾ, ಮನೆ ತುಂಬ ಕಸ ಎಂದು ನಾನು ಎಷ್ಟು ಸಲ ಹೇಳಿದ್ದೆನೋ. ಅವಳು ಆಯ್ತು ಎನ್ನುತ್ತಿದ್ದಳು. ಆಮೇಲೆ ಅಡುಗೆಮನೆಗೇ ಹೋಗುತ್ತಿದ್ದಳು.

"ನಿಮಗ ಯಾವಾಗೂ ಹೇಳಿದ್ದಿಲ್ಲೇನ್ರಿ?" ಎಂದು ಕಿರಿಯವಳು ಕೇಳಿದಳು.

"ನಾ ಕೇಳಿದ್ದಿಲ್ಲವ್ವಾ."

ಆಮೇಲೆ ಎಲ್ಲರೂ ಒಟ್ಟಿಗೆ ಮಾತಾಡಿದರು. ಅವಳು ಕೂರಿಗೆ ಹಾಕುತ್ತಿರಲಿಲ್ಲ, ಕೈಯಿಂದ ಚೆಲ್ಲಿ ಉಗ್ಗುತ್ತಿದ್ದಳು ಎಂದು ಹಿರಿಯಾಕೆ. ಇಲ್ಲ, ಎರಡು ಪಟ್ಟಿಗೆ ಕೂರಿಗೆಯೇ, ಮೂರಕ್ಕೆ ಮಾತ್ರ ಉಗ್ಗುವುದು ಎಂದು ಕಿರಿಯವಳು. ಇನ್ನೊಬ್ಬಳ ಪ್ರಕಾರ ನಡುನಡುವೆ ಬರೀ ನೆಲ ಬಿಡುತ್ತಿದ್ದಳು, ಮರಿಗಳು ಓಡಾಡಲಿಕ್ಕೆ, ಮಣ್ಣಿನಲ್ಲಿ ಹೊರಳಾಡಲಿಕ್ಕೆ. ಇನ್ನೂ ಒಬ್ಬಳು ಅವಳು ಕಳೆಯನ್ನೇ ತೆಗೆಯುತ್ತಿರಲಿಲ್ಲ ಎಂದಳು. ತೆಗೆಯುತ್ತಿದ್ದಳು, ಆದರೆ ಯಾವುದನ್ನು ಬಿಡಬೇಕೋ ಅದನ್ನು ಬಿಡುತ್ತಿದ್ದಳು ಎಂದು ಹಿರಿಯಾಕೆ ತಿದ್ದಿದಳು. ಯಾವುದನ್ನು ಎಂದು ನಾನು ಕೇಳಿದರೆ, "ಅದು ನೋಡಿದ್ರ ತಿಳೀತೈತ್ರಿ. ಹೇಳಾಕ ಹೆಂಗ ಬರ್ತೈತಿ?" ಎಂದಳು. ಎಲ್ಲರ ಮಾತಲ್ಲೂ ಹೊಂದಿದ್ದು ಒಂದೇ. ಮರಿ ಮೊದಲ ದಿನಗಳಲ್ಲಿ ಕಾಳು ತಿನ್ನುವುದಿಲ್ಲ, ಹುಳ ತಿನ್ನುತ್ತದೆ. ಹುಳ ಇರುವುದು ಕಸದಲ್ಲಿ.

ಮನೆಗೆ ಬಂದು ಒಂದು ಕಾಗದದ ಮೇಲೆ ಇದನ್ನೆಲ್ಲ ಬರೆದುಕೊಂಡೆ. ಒಂದಕ್ಕೊಂದು ಕೂಡಲಿಲ್ಲ. ಅವಳಿದ್ದರೆ ಒಂದು ಮಾತು ಕೇಳಿ ಮುಗಿಸಬಹುದಿತ್ತು ಎನಿಸಿತು. ಅವಳಿದ್ದಾಗ ಕೇಳುವ ಅಗತ್ಯವೇ ನನಗೆ ಬಂದಿರಲಿಲ್ಲ ಎಂಬುದೂ ಆಮೇಲೆ ಹೊಳೆಯಿತು.

ಮುಂದೆ ಎರಡು ದಾರಿಯಿದ್ದವು. ಸಜ್ಜೆ ಹೀಗೇ ಬಲಿಯಲಿ, ಕಾಳು ಉದುರಿದ ಮೇಲೆ ಹಕ್ಕಿ ಬಂದಾವು ಎಂದು ಕಾಯುವುದು ಒಂದು. ಚೆನ್ನಾಗಿ ಬಂದ ಬೆಳೆಯನ್ನು ನಡುವೆಯೇ ಕಡಿದು, ಉತ್ತರಿ ಮಳೆಗೆ ಮೊದಲು ಕಸ ತಂದು ಹಾಕುವುದು ಇನ್ನೊಂದು. ಹಾಲುಗಾಳಿನ ತೆನೆಗೆ ಕುಡುಗೋಲು ಹಾಕಿದವನನ್ನು ನಾನು ಜೀವಮಾನದಲ್ಲಿ ನೋಡಿರಲಿಲ್ಲ. ನಾಲ್ಕು ದಿನ ಕುಡುಗೋಲು ಹಿಡಿದು ಹೋಗಿ, ಪಟ್ಟಿಯ ಮುಂದೆ ನಿಂತು, ವಾಪಸು ಬಂದೆ. ಐದನೆಯ ದಿನ ನಡುವಿನ ಪಟ್ಟಿಯ ತುದಿಯಲ್ಲಿ ಕೂತು ಮೊದಲ ಸಾಲು ಕಡಿದೆ. ಧೈರ್ಯ ಬಂತೆಂದಲ್ಲ. ಏನೂ ಮಾಡದೆ ಕಾಯುವುದು ಅದಕ್ಕಿಂತ ಕಷ್ಟವಾಗಿತ್ತು.

ಪ್ರತಿ ಪಟ್ಟಿಯಲ್ಲೂ ಎರಡು ಸಾಲು ಬಿಟ್ಟು ಒಂದು ಸಾಲು ತೆಗೆದೆ. ಅಡ್ಡಡ್ಡ ಓಣಿ ಬಿಡಿಸಿದೆ. ಬೆಳಕು ನೆಲಕ್ಕೆ ಬೀಳಬೇಕು, ಆದರೆ ಮೇಲಿಂದ ಹದ್ದು, ಗಿಡುಗ ನೋಡಿದರೆ ಕಾಣಬಾರದು. ಅದಕ್ಕೆ ಓಣಿಯ ಎರಡೂ ಬದಿಯ ದಂಟನ್ನು ಮೊಣಕಾಲಿನ ಎತ್ತರಕ್ಕೆ ಮುರಿಯದಂತೆ ಬಾಗಿಸಿ ಒಂದಕ್ಕೊಂದು ಒರಗಿಸಿದೆ. ಇದು ಯಾರೂ ಹೇಳಿದ್ದಲ್ಲ, ಮಲಗಿ ನೋಡಿದ್ದರಿಂದ ಹೊಳೆದದ್ದು. ಸರಿಯೋ ತಪ್ಪೋ ಇಂದಿಗೂ ಗೊತ್ತಿಲ್ಲ. ಕಡಿದ ತೆನೆಯನ್ನು ಅಲ್ಲೇ ನೆಲಕ್ಕೆ ಹಾಸಿದೆ.

ಕಸ ಹೆಂಗಸರು ಕೊಟ್ಟರು. ದಿನಾ ಸಂಜೆ ಅವರು ಕೆಲಸ ಮುಗಿಸುವ ಹೊತ್ತಿಗೆ ನಾನು ಸೈಕಲ್ಲಿಗೆ ಚೀಲ ಕಟ್ಟಿಕೊಂಡು ಹೋಗುತ್ತಿದ್ದೆ. ಬದುವಿನ ಮೇಲೆ ಅವರು ಕಿತ್ತೆಸೆದ ರಾಶಿಯಲ್ಲಿ ಬೀಜ ಬಲಿತದ್ದನ್ನು ಬೇರೆ ಮಾಡಿ ಇಟ್ಟಿರುತ್ತಿದ್ದರು. ಅದನ್ನು ಒಯ್ದು ಓಣಿಗಳಲ್ಲಿ ಬಡಿದು ಉದುರಿಸಿ, ಮೇಲೆ ತೆಳುವಾಗಿ ಮಣ್ಣು ಎಳೆಯುತ್ತಿದ್ದೆ. ಊರಲ್ಲಿ ಇದಕ್ಕಿಂತ ದೊಡ್ಡ ನಗೆಯ ಮಾತು ಆ ವರ್ಷ ಇನ್ನೊಂದಿರಲಿಲ್ಲ. "ಹೆಂಡತಿ ಸತ್ತಮ್ಯಾಲ ಮೇಸ್ತ್ರಿಗೆ ತಲಿ ಕೆಟ್ಟೈತಿ, ಮಂದಿ ಹೊಲದಾಗಿನ ಕಸಾ ತಂದು ತನ್ನ ಹೊಲಕ್ಕ ಹಚ್ಚಾಕತ್ತಾನ" ಎಂದು ಚಹಾದಂಗಡಿಯಲ್ಲಿ ನನ್ನ ಕಿವಿಗೆ ಬೀಳುವಂತೆಯೇ ಹೇಳಿದರು. ಅವರ ಮಾತು ಪೂರ್ತಿ ಸುಳ್ಳೆಂದು ನನಗೂ ಅನಿಸಲಿಲ್ಲ.

ಪಕ್ಕದ ಹೊಲದ ರೈತ ಮಾತ್ರ ನಗಲಿಲ್ಲ. ಒಂದು ಸಂಜೆ ನನ್ನ ಚೀಲದ ಮುಂದೆ ಬಂದು ನಿಂತ.

"ಮೇಸ್ತ್ರಿ, ಇದು ಆಗೂದಿಲ್ರಿ. ನಿಮ್ಮ ಕಸದ ಬೀಜ ಗಾಳಿಗೆ ನನ್ನ ಹೊಲಕ್ಕ ಬರ್ತಾವು. ನಾ ಉಳ್ಳಾಗಡ್ಡಿ ಹಚ್ಚಾಂವ ಅದೀನಿ. ಹಕ್ಕಿಗೆ ನೀವು ಊಟಾ ಹಾಕ್ರಿ, ಬ್ಯಾಡ ಅನ್ನಂಗಿಲ್ಲ. ಕಳೆ ನಾ ಯಾಕ ತೆಗೀಬೇಕು?"

ಅವನು ಹೇಳಿದ್ದು ಸರಿಯಾಗಿತ್ತು. "ನಿಮ್ಮ ಅಂಚಿಗೆ ಇಪ್ಪತ್ತ ಹೆಜ್ಜಿ ನಾ ಏನೂ ಹಾಕೂದಿಲ್ಲ. ನಿಮ್ಮ ಬದುವಿನ ಕಳೆ ನಾನ ತೆಗೀತೀನಿ" ಎಂದೆ.

"ಎಲ್ಲೀತನಕ?"

"ಸಂಕ್ರಾಂತೀತನಕ. ಆಮ್ಯಾಲ ಹೊಲ ನಿಮ್ದ ಆದ್ರೂ ಆಗಬೌದು."

ಅವನು "ಹಂಗ ಅನಬ್ಯಾಡ್ರಿ" ಎಂದು ಹೋದ. ಅದರ ಅರ್ಥವೂ ನನಗೆ ಆಗಲಿಲ್ಲ.

ಉತ್ತರಿ ಮಳೆ ಹದವಾಗಿ ಬಂತು. ಓಣಿಗಳಲ್ಲಿ ಹಸಿರು ಎದ್ದಿತು. ಅದರಲ್ಲಿ ಯಾವುದು ನಾನು ಹಾಕಿದ್ದು, ಯಾವುದು ತಾನಾಗಿ ಬಂದದ್ದು ಗುರುತಿಸಲಾಗಲಿಲ್ಲ. ಹಿಂದಿನಿಂದ ಹಸ್ತದ ಮಳೆ ಎರಡು ದಿನ ಗಾಳಿಯ ಜೊತೆ ಬಡಿದು, ಹಳ್ಳದ ಕಡೆಯ ಎರಡು ಪಟ್ಟಿಗಳನ್ನು ನೆಲಕ್ಕೆ ಮಲಗಿಸಿತು. ನಾನು ಸಾಲು ತೆಗೆದು ತೆಳ್ಳಗೆ ಮಾಡಿದ್ದರಿಂದಲೇ ದಂಟಿಗೆ ಆಸರೆ ತಪ್ಪಿತ್ತು. ಒತ್ತಾಗಿದ್ದರೆ ನಿಲ್ಲುತ್ತಿತ್ತು. ಆ ದಿನ ಕೆಸರಿನಲ್ಲಿ ನಿಂತು, ಇನ್ನು ಸಾಕು, ಕೊಟ್ಟುಬಿಡಲಿ ಎಂದುಕೊಂಡೆ. ಎರಡು ದಿನ ಹೋಗಲೂ ಇಲ್ಲ. ಮೂರನೆಯ ದಿನ ಬದುವಿನ ಕಳೆ ತೆಗೆಯುವ ಮಾತು ಕೊಟ್ಟದ್ದು ನೆನಪಾಗಿ ಹೋದೆ. ಹೋದವನು ಜಾಲಿಯ ಮುಳ್ಳಿನ ಟೊಂಗೆ ಕಡಿದು, ಮಲಗಿದ ಸಜ್ಜೆಯ ಮೇಲೆ ಅಲ್ಲಲ್ಲಿ ಗುಪ್ಪೆ ಹಾಕಿದೆ. ನಾಯಿ, ಬೆಕ್ಕು ಬಂದರೆ ಹಕ್ಕಿ ಅದರೊಳಗೆ ನುಗ್ಗಲಿ ಎಂದು.

ದೀಪಾವಳಿ ಕಳೆದು ಕೆಲವು ದಿನಕ್ಕೆ, ನಡುವಿನ ಪಟ್ಟಿಯ ಓಣಿಯಲ್ಲಿ ಪುಡಿಮಣ್ಣಿನ ಒಂದು ಕುಳಿ ಕಂಡಿತು. ತಟ್ಟೆಯಷ್ಟು ಅಗಲ, ಎರಡು ಬೆರಳು ಆಳ. ಅಂಚಿಗೆ ಗೆರೆಗೆರೆಯ ಒಂದು ಸಣ್ಣ ಗರಿ. ಹಕ್ಕಿ ಮಣ್ಣಿನಲ್ಲಿ ಹೊರಳಿದ ಗುರುತು. ಗರಿಯನ್ನು ಮುಟ್ಟಲಿಲ್ಲ. ಮರುದಿನ ಆ ಕುಳಿಯ ಪಕ್ಕದಲ್ಲಿ ಇನ್ನೊಂದಿತ್ತು. ಎಂಟು ದಿನದ ಮೇಲೆ ಬೆಳಗ್ಗೆ ಒಂದೇ ಒಂದು ಸಲ ಕೂಗು ಕೇಳಿತು, ಆಮೇಲೆ ಮೂರು ದಿನ ಇಲ್ಲ. ಮಾರ್ಗಶಿರದಲ್ಲಿ ಸುತ್ತಲಿನ ಹೊಲಗಳ ಕೊಯ್ಲು ಮುಗಿದು ನೆಲ ಬಯಲಾಯಿತು. ಆಗ ನಮ್ಮ ಪಟ್ಟಿಗಳ ಕಡೆಯಿಂದ ಕೂಗು ಹೆಚ್ಚಾಯಿತು. ನಾನು ಎಣಿಸಲು ಹೋಗಲಿಲ್ಲ. ಎಣಿಸಿದರೆ ಆರಕ್ಕೆ ಒಂದು ಕಡಿಮೆ ಬಂದೀತು ಎಂಬ ಹೆದರಿಕೆ.

ಸಂಕ್ರಾಂತಿಯ ಮರುದಿನ ಬೆಳಕಾಗುವ ಮುಂಚೆ ಡಾಕ್ಟರು ಬಂದರು. ಎಣಿಕೆಗೆ ಅವರದೇ ಒಂದು ಪದ್ಧತಿ. ಬೆಳೆಯೊಳಗೆ ಯಾರೂ ಕಾಲಿಡಬಾರದು. ನಾಲ್ಕು ಜನ ನಾಲ್ಕು ಕಡೆ ಕೂರಬೇಕು. ಕೂಗು ಕೇಳಿದ ದಿಕ್ಕಿಗೆ ಕಾಗದದ ಮೇಲೆ ಗೆರೆ ಎಳೆಯಬೇಕು. ಆಮೇಲೆ ನಾಲ್ಕೂ ಕಾಗದ ಇಟ್ಟು ನೋಡಿ, ಎರಡು ಸಲ ಎಣಿಸಿದ್ದನ್ನು ಬಿಡಬೇಕು. ರಸ್ತೆಯ ಕಡೆ ಅವರು, ಹಳ್ಳದ ಕಡೆ ಹಿರಿಯಾಕೆ, ನಡುವಿನ ದಿಬ್ಬದ ಮೇಲೆ ನಾನು. ನಾಲ್ಕನೆಯವರು ಬೇಕಾಗಿತ್ತು. ಮೂಡಣ ಬದುವಿಗೆ ಪಕ್ಕದ ಹೊಲದ ರೈತನನ್ನೇ ಕೂರಿಸಿದರು. ಹೊಲ ಕೇಳಿದವನನ್ನೇ ಎಣಿಸಲು ಕೂರಿಸುತ್ತಾರಲ್ಲ ಎಂದು ನನಗೆ ಅನಿಸಿತು.

"ನನಗ ಬರಿಯಾಕ ಬರಂಗಿಲ್ರೀ ಸಾಹೇಬ್ರ" ಎಂದಳು ಹಿರಿಯಾಕೆ.

"ಹಳ್ಳು ಇಡು. ದಿಕ್ಕಿಗೊಂದು."

"ಹಳ್ಳು ಇಟ್ಟು ಇಟ್ಟು ನಾ ಗುಡ್ಡಾ ಮಾಡ್ತೀನಿ ನೋಡ್ರಿ ಇವತ್ತ" ಎಂದು ಸಣ್ಣ ಕಲ್ಲುಗಳನ್ನು ಉಡಿಗೆ ಹಾಕಿಕೊಂಡು ಕತ್ತಲಲ್ಲೇ ನಡೆದಳು.

ಚಳಿ ಬಹಳ ಇತ್ತು. ಮೂಡಣ ಸ್ವಲ್ಪ ಬಿಳಿಚಿತು. ಮೊದಲ ಕೂಗು ನನ್ನ ಎಡಗಡೆಯಿಂದ ಬಂತು, ಬಹಳ ಹತ್ತಿರದಿಂದ. ಅದಕ್ಕೆ ಹೆಣ್ಣು ದನಿ ಸೇರಿಸಿತು. ನಾನು ಪೆನ್ಸಿಲ್ ಕಾಗದಕ್ಕೆ ಹಚ್ಚಿದೆ. ಅಷ್ಟರಲ್ಲಿ ಬಲಗಡೆಯಿಂದ ಇನ್ನೊಂದು, ಹಿಂದಿನಿಂದ ಇನ್ನೊಂದು. ಯಾವುದು ಮೊದಲಿನದು, ಯಾವುದು ಹೊಸದು ತಿಳಿಯಲಿಲ್ಲ. ಅವಳು ಹದಿನೆಂಟು ವರ್ಷ ಈ ಸದ್ದಿನ ನಡುವೆ ಬೆಳಗು ಕಳೆದವಳು. ಆ ಹೊತ್ತಿಗೆ ನಾನು ಅಥಣಿಯ ಬಸ್ಸಿನಲ್ಲಿ ಕಿಟಕಿಗೆ ತಲೆಯಿಟ್ಟು ನಿದ್ದೆ ಮಾಡುತ್ತಿದ್ದೆ. ಅದನ್ನು ಯೋಚಿಸುತ್ತ ಕೂತೆನೋ, ಕೇಳುತ್ತ ಕೂತೆನೋ, ಬಿಸಿಲು ಮೈಮೇಲೆ ಬಿದ್ದಾಗ ನನ್ನ ಕಾಗದ ಖಾಲಿಯಿತ್ತು.

ಕಾರಿನ ಬಾನೆಟ್ಟಿನ ಮೇಲೆ ಡಾಕ್ಟರು ಕಾಗದಗಳನ್ನು ಹಾಸಿದರು. ಅವರ ಕಡೆ ಎರಡು. ಹಿರಿಯಾಕೆಯ ಹಳ್ಳುಗಳು ಮೂರು. ಗೆರೆ ಹೊಂದಿಸಿದರೆ ಒಂದು ಜೋಡಿ ಇಬ್ಬರಿಗೂ ಕೇಳಿದ್ದು. ಅಲ್ಲಿಗೆ ನಾಲ್ಕು.

"ನಿಂದು, ಮೇಸ್ತ್ರಿ?"

"ನನಗ ಎಣಸಾಕ ಆಗ್ಲಿಲ್ರಿ ಸಾಹೇಬ್ರ."

ಅವರು ಪಕ್ಕದ ಹೊಲದ ರೈತನ ಕಡೆ ತಿರುಗಿದರು. ಎಲ್ಲವೂ ಅವನ ಕೈಯಲ್ಲಿದ್ದ ಮಡಿಸಿದ ಕಾಗದದ ಮೇಲೆ ನಿಂತಿತ್ತು. ಒಂದು ಎಂದರೆ ಸಾಕಿತ್ತು ಅವನಿಗೆ, ಲೆಕ್ಕ ಆರಕ್ಕೆ ಮುಟ್ಟುತ್ತಿರಲಿಲ್ಲ. ಪರೀಕ್ಷಿಸುವವರು ಯಾರೂ ಇರಲಿಲ್ಲ.

"ನಾಕ್ರಿ" ಎಂದ. "ಒಂದು ನಿಮ್ಮ ಕಡೆಯಿಂದ ಬಂದಿದ್ದಿರಬೇಕು, ಅದನ್ನ ಬಿಡ್ರಿ. ಮೂರಂತೂ ಗ್ಯಾರಂಟಿ ನನ್ನ ಬದುವಿನ ಮಗ್ಗಲಕ ಅದಾವು."

ಡಾಕ್ಟರು ಕನ್ನಡಕದ ಮೇಲಿಂದ ಅವನನ್ನು ನೋಡಿದರು. "ಖರೇನ?"

"ಕೂಗಿದ್ದು ಕೂಗಿದ್ದ ಅಲ್ರೀ. ನಾ ಏನ್ ಅವುಗಳ ಬಾಯಿ ಹಿಡೀಲಿ?" ಎಂದ. ಆಮೇಲೆ, "ದ್ರಾಕ್ಷಿ ಬ್ಯಾರೆ ಕಡೆ ಹಚ್ಚಿದ್ರಾತು. ಇಲ್ಲಿ ಕಲ್ಲ ಭಾಳ" ಎಂದು ಕಾಗದ ಕೊಟ್ಟು ತನ್ನ ಹೊಲದ ಕಡೆ ಹೋದ.

ಏಳು ಜೋಡಿ. ಡಾಕ್ಟರು ಅದನ್ನು ಬರೆದುಕೊಂಡು ಪುಸ್ತಕ ಮುಚ್ಚಿದರು. "ನಾ ಇರೋತನಕ ಇದು ಹಿಂಗ ಇರ್ಲಿ. ಮುಂದಿನ ವರ್ಷಾನೂ ನೀನ ಬಿತ್ತು" ಎಂದರು. ಆಮೇಲೆ, ಹೋಗುವ ಮುಂಚೆ, "ಏನ್ ಮಾಡಿದ್ದಕ್ಕ ಬಂದ್ವು?" ಎಂದು ಕೇಳಿದರು. 

ಸಾಲು ಕಡಿದದ್ದಕ್ಕೋ, ಕಸಕ್ಕೋ, ಮುಳ್ಳಿನ ಗುಪ್ಪೆಗೋ, ಸುತ್ತಲಿನ ಹೊಲ ಖಾಲಿಯಾಗಿ ಬೇರೆ ಎಲ್ಲೂ ಜಾಗವಿಲ್ಲದ್ದಕ್ಕೋ. ಮೂರು ಭಾಗ ಒಟ್ಟಿಗೆ ಬದಲಿಸಿದ ಮೇಲೆ ಎಂಜಿನ್ ಶುರುವಾದರೆ, ಕೆಟ್ಟದ್ದು ಯಾವುದಿತ್ತು ಎಂದು ಹೇಳಲಾಗುವುದಿಲ್ಲ. ಅಂಥ ರಿಪೇರಿಯನ್ನು ನಮ್ಮ ಫೋರ್‌ಮನ್ ರಿಪೇರಿ ಎಂದೇ ಒಪ್ಪುತ್ತಿರಲಿಲ್ಲ.

"ಗೊತ್ತಿಲ್ರಿ" ಎಂದೆ.

ನೆಲ ಉಳಿಯಿತು. ನನಗೆ ಸಮಾಧಾನವಾಗಬೇಕಿತ್ತು. ಆದದ್ದು ಬೇರೆ. ಇಷ್ಟು ದಿನ ಒಂದು ಹಂಗಾಮು ದಾಟಿಸಿದರೆ ಸಾಕೆಂದು ಓಡಾಡಿದ್ದೆ. ಈಗ ಪ್ರತಿ ವರ್ಷ ಬಿತ್ತಬೇಕಿತ್ತು, ಮತ್ತು ಯಾವುದನ್ನು ಕೀಳಬೇಕು, ಯಾವುದನ್ನು ಬಿಡಬೇಕು ಎಂಬುದು ನನಗೆ ಜೂನ್ ತಿಂಗಳಲ್ಲಿ ಎಷ್ಟು ಗೊತ್ತಿತ್ತೋ ಈಗಲೂ ಅಷ್ಟೇ ಗೊತ್ತಿತ್ತು. ಅವಳು ನನ್ನ ಜೊತೆ ಮೂವತ್ತು ವರ್ಷ ಇದ್ದಳು. ಕೀಳುವುದು, ಬಿಡುವುದು ಅವಳ ಕೈಗೆ ಗೊತ್ತಿತ್ತು. ಆ ಕೈ ಕೆಲಸ ಮಾಡುವುದನ್ನು ನಾನು ಒಂದು ದಿನವೂ ನಿಂತು ನೋಡಿರಲಿಲ್ಲ.

ಹಿರಿಯಾಕೆ ಕೆಲಸಕ್ಕೆ ಹೊತ್ತಾಯಿತೆಂದು ಎದ್ದಳು. ಅವತ್ತು ಗುಂಪು ಪಕ್ಕದ ಹೊಲದಲ್ಲೇ ಇತ್ತು, ಉಳ್ಳಾಗಡ್ಡಿಯ ಕಳೆಗೆ. ನಾನೂ ಅವಳ ಹಿಂದೆಯೇ ನಡೆದೆ. ಬದುವಿನ ಹತ್ತಿರ ಅವಳು ತಿರುಗಿ ನೋಡಿದಳು.

"ಎತ್ತಾಗ ಹೊಂಟ್ರಿ ದಾಜಿ?"

"ನಾನೂ ಬರ್ತೀನಿ."

"ಎಲ್ಲಿಗೆ?"

"ಕಳೆ ತೆಗ್ಯಾಕ. ನೋಡಿದ್ರ ತಿಳೀತೈತಿ ಅಂತ ನೀನ ಅಂದಿದ್ದಿಯಲ್ಲ."

ಅವಳು ಸೆರಗು ಬಾಯಿಗೆ ಹಿಡಿದು ನಕ್ಕಳು. ಆಮೇಲೆ ನಾನು ನಗುತ್ತಿಲ್ಲವೆಂದು ನೋಡಿ ನಿಲ್ಲಿಸಿದಳು. ಹೊಲದಲ್ಲಿ ಉಳಿದ ಏಳು ಜನ ಆಗಲೇ ಸಾಲು ಹಿಡಿದು ಕೂತಿದ್ದರು. ಒಬ್ಬಳು ಏನೋ ಅಂದಳು, ಮತ್ತೊಬ್ಬಳು ಅವಳ ಬೆನ್ನಿಗೆ ಗುದ್ದಿದಳು, ಎಲ್ಲರೂ ನಕ್ಕರು. ಕಿರಿಯವಳು ತನ್ನ ಹತ್ತಿರವಿದ್ದ ಇನ್ನೊಂದು ಕುರಪಿಯನ್ನು ನನ್ನ ಕಡೆ ಎಸೆದಳು.

ನನ್ನ ಹೆಂಡತಿ ಯಾವ ಸಾಲು ಹಿಡಿಯುತ್ತಿದ್ದಳು ಎಂದು ಕೇಳಬೇಕೆನಿಸಿತು. ಕೇಳಲಿಲ್ಲ. ಹಿರಿಯಾಕೆ ನನಗೆ ಬದುವಿನ ಪಕ್ಕದ ಸಾಲು ತೋರಿಸಿದಳು. ಅದು ಹೊಸದಾಗಿ ಕೆಲಸಕ್ಕೆ ಬಂದವರಿಗೆ ಕೊಡುವ ಸಾಲಂತೆ. ತಪ್ಪು ಮಾಡಿದರೂ ಬೆಳೆ ಹೆಚ್ಚು ಹಾಳಾಗುವುದಿಲ್ಲ.